ತಿದಿ ಮತ್ತು ಚಿಮ್ಮಟ

ಡಿಂಪ್ನಾ ಹಾರ್ಟಿಗನ್ ನಮ್ಮ ಕಿಲ್ಕೋರಾದ ಕಮ್ಮಾರನ ಮಗಳು. ಅಪ್ಪನ ಕುಲುಮೆಯಲ್ಲಿ ತಿದಿಯ ಸರಪಳಿ ಎಳೆಯುತ್ತಲೇ ಪ್ರಾಸ ಕಟ್ಟುವುದನ್ನು ಕಲಿತದ್ದೆಂದು ಆಕೆಯೇ ಹೇಳುತ್ತಿದ್ದಳು. ಎರಡು ಉದ್ದ ಎಳೆತ, ಎರಡು ಗಿಡ್ಡ, ಕೊನೆಗೊಂದು ಉದ್ದ. ಕಬ್ಬಿಣ ಕೆಂಪಾಗುವ ಹೊತ್ತಿಗೆ ಐದು ಸಾಲು ಮುಗಿದಿರಬೇಕು. ನಮ್ಮ ಜಿಲ್ಲೆಯ ಹೆಸರನ್ನೇ ಜಗತ್ತು ಆ ಐದು ಸಾಲಿನ ಪದ್ಯಕ್ಕೆ ಇಟ್ಟು ಲಿಮರಿಕ್ ಎಂದು ಕರೆಯುತ್ತದೆ. ಹಾಗಾಗಿ ಅದರ ಮೇಲೆ ನಮಗೊಂದು ಹಕ್ಕಿದೆ ಎಂದೇ ನಾವು ತಿಳಿದಿದ್ದೆವು.

ನಾನು ಹೇಳುತ್ತಿರುವುದು ಐವತ್ತೇಳನೇ ಇಸವಿಯ ಮಾತು. ಆಗ ಆಕೆಗೆ ಮೂವತ್ತನಾಲ್ಕು. ಮದುವೆಯಾಗಿರಲಿಲ್ಲ; ಮದುವೆಯಾದರೆ ಉಪಾಧ್ಯಾಯಿನಿಯರು ಕೆಲಸ ಬಿಡಬೇಕಾಗಿದ್ದ ಕಾಲ ಅದು. ಹೆಣ್ಣುಮಕ್ಕಳ ಶಾಲೆಯಲ್ಲಿ ಚಿಕ್ಕ ತರಗತಿಗಳಿಗೆ ಪಾಠ ಹೇಳುತ್ತಿದ್ದಳು. ಎತ್ತರದ ಹೆಂಗಸು, ಅಪ್ಪನ ಹಾಗೆಯೇ ದಪ್ಪ ಮಣಿಕಟ್ಟು. ಏಳು ವರ್ಷದ ಹುಡುಗಿಯರು ಸುಳ್ಳು ಹೇಳಿದರೆ ಗದರುತ್ತಿರಲಿಲ್ಲ, ಅವರು ನಿಜ ಹೇಳುವ ತನಕ ಸುಮ್ಮನೆ ನೋಡುತ್ತ ನಿಂತಿರುತ್ತಿದ್ದಳು. ಅದಕ್ಕಿಂತ ಬೈಗುಳವೇ ವಾಸಿ ಎನ್ನುತ್ತಿದ್ದವು ಮಕ್ಕಳು.

ಗುರುವಾರ ಸಂಜೆ ಏಳಕ್ಕೆ ನಾವು ನಾಲ್ವರು ಮ್ಯಾಲಕಿ ಕ್ವಿಲ್ಟಿಯ ಅಂಗಡಿಯ ಹಿಂಕೋಣೆಯಲ್ಲಿ ಸೇರುತ್ತಿದ್ದೆವು. ಮ್ಯಾಲಕಿ ಕುದುರೆಗಳ ಜೀನು, ಕೊರಳಪಟ್ಟಿ ಹೊಲಿಯುವವನು, ಅರವತ್ತು ದಾಟಿದ ವಿಧುರ. ಮೂರನೆಯವಳು ಬ್ರೀಡಾ ಎನ್‌ರೈಟ್, ಜಿಲ್ಲೆಯ ನರ್ಸು. ಸುತ್ತಲ ಹತ್ತು ಹಳ್ಳಿಯ ಹೆರಿಗೆಗಳೆಲ್ಲ ಆಕೆಯ ಕೈಯಲ್ಲೇ. ನಾಲ್ಕನೆಯವನು ನಾನು, ಫಿಂಟನ್, ಹಾಲಿನ ಡೈರಿಯಲ್ಲಿ ಗುಮಾಸ್ತ, ಇಪ್ಪತ್ತೆರಡು ವರ್ಷದವನು.

ಆಟ ಸರಳ. ಮ್ಯಾಲಕಿಯ ಬಳಿ ರಟ್ಟು ಕಿತ್ತುಹೋದ ಒಂದು ದಪ್ಪ ನಿಘಂಟಿತ್ತು. ಒಬ್ಬರು ಕಣ್ಣು ಮುಚ್ಚಿ, ಪುಟ ತಿರುವಿ, ಜೀನು ಹೊಲಿಯುವ ದಬ್ಬಳವನ್ನು ಎರಡು ಕಡೆ ಚುಚ್ಚಬೇಕು. ಮೊನೆ ತಗುಲಿದ ಎರಡು ಶಬ್ದಗಳನ್ನೂ ಒಳಗಿಟ್ಟು ಉಳಿದವರು ಐದು ಸಾಲು ಕಟ್ಟಬೇಕು. ಮೊಟ್ಟೆ ಬೇಯಿಸಲು ಇಡುವ ಮರಳುಗಡಿಯಾರವನ್ನು ಮೂರು ಸಲ ಮಗುಚುವಷ್ಟು ಹೊತ್ತು ಸಮಯ. ಒಂದಕ್ಕೊಂದು ನಂಟೇ ಇಲ್ಲದ ಶಬ್ದಗಳು ಸಿಕ್ಕಷ್ಟೂ ನಮಗೆ ಖುಷಿ. ಚೀಟಿಗಳನ್ನು ಓದಿ, ನಕ್ಕು, ಬರೆದವರು ಯಾರೆಂದು ಊಹಿಸಿ, ಆಮೇಲೆ ಒಲೆಗೆ ಹಾಕುವುದು. ಕೋಣೆಯ ಪದ್ಯ ಕೋಣೆಯಿಂದಾಚೆ ಹೋಗಕೂಡದು ಎಂಬುದೊಂದೇ ಕಟ್ಟುನಿಟ್ಟು.

ಫೆಬ್ರವರಿಯ ಒಂದು ಗುರುವಾರ ದಬ್ಬಳ 'ತಿದಿ'ಯನ್ನೂ 'ಚಿಮ್ಮಟ'ವನ್ನೂ ಚುಚ್ಚಿತು. ಒಂದು ಕುಲುಮೆಯದು, ಇನ್ನೊಂದು ಮುಳ್ಳು ಕೀಳುವುದು. ನಾನೂ ಬ್ರೀಡಾಳೂ ತಲೆ ಕೆರೆದುಕೊಳ್ಳುತ್ತ ಕೂತೆವು. ಡಿಂಪ್ನಾ ಎರಡನೆಯ ಸಲ ಮರಳು ಇಳಿಯುವ ಮುಂಚೆಯೇ ಚೀಟಿ ಮಡಿಸಿಟ್ಟಳು. ಮ್ಯಾಲಕಿ ಕನ್ನಡಕ ಏರಿಸಿ ಓದಿದ:

ಬೇಲಿಸಾಲಿನ ಗುಂಟ ನಮ್ಮೂರ ಪಾದ್ರಿ
ತಿದಿಯಂತೆ ಏದುತ್ತ ನಡೆವರು ರಾತ್ರಿ;
ಮುಳ್ಳೊಳಗೆ ಜೋಡಿ
ಕೂತದ್ದ ನೋಡಿ
ಚಿಮ್ಮಟದಿ ಕೀಳುವರು, ಮಡಿಚಿಟ್ಟು ಛತ್ರಿ.

ಬ್ರೀಡಾ ಮೇಜು ಹಿಡಿದುಕೊಂಡು ನಕ್ಕಳು. ನಮ್ಮ ಹಿರಿಯ ಪಾದ್ರಿ ಸ್ಲ್ಯಾಟರಿಯವರನ್ನು ಬಲ್ಲವರಿಗೆ ಅದರಲ್ಲಿ ಹೆಚ್ಚು ಹೇಳುವುದೇನೂ ಇರಲಿಲ್ಲ. ಬಿಸಿಲಿರಲಿ, ಹಿಮ ಬೀಳಲಿ, ಕೈಯಲ್ಲೊಂದು ಕಪ್ಪು ಛತ್ರಿ. ಶನಿವಾರ ಕುಣಿತದ ಮನೆ ಬಾಗಿಲು ಹಾಕಿದ ಮೇಲೆ ಬೇಲಿಗಳ ಉದ್ದಕ್ಕೂ ಛತ್ರಿಯಿಂದ ತಿವಿಯುತ್ತ, ಕೂತ ಜೋಡಿಗಳನ್ನು ಎಬ್ಬಿಸಿ ಮನೆಗೆ ಅಟ್ಟುತ್ತಿದ್ದರು. ಅವರ ಉಬ್ಬಸದ ಸದ್ದು ಮೊದಲೇ ಕೇಳುತ್ತಿದ್ದುದರಿಂದ ಚುರುಕಾದವರು ತಪ್ಪಿಸಿಕೊಳ್ಳುತ್ತಿದ್ದರು. ಚೀಟಿ ಒಲೆಗೆ ಹೋಯಿತು. ಅದು ಬೂದಿಯಾದದ್ದನ್ನು ನಾನೇ ಕಣ್ಣಾರೆ ನೋಡಿದೆ.

ಮರುದಿನ ಸೇತುವೆಯ ಮೇಲೆ ಯೂನಾಳಿಗೆ ಅದನ್ನು ಹೇಳಿದವನೂ ನಾನೇ. ಆಗ ನಾನು ಅವಳ ಹಿಂದೆ ಬಿದ್ದಿದ್ದೆ. ಅವಳನ್ನು ನಗಿಸಬೇಕೆಂಬ ಆಸೆ. ಬರೆದವರು ಯಾರೆಂದು ಹೇಳಲಿಲ್ಲ. ಅವಳು ಸೈಕಲ್ಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಇನ್ನೊಮ್ಮೆ ಹೇಳು ಎಂದಳು. ಹೇಳಿದೆ.

ಭಾನುವಾರ ಬೆಳಿಗ್ಗೆ ಅದು ಚರ್ಚಿನ ಬಾಗಿಲ ಪಕ್ಕದ ಹಲಗೆಯ ಮೇಲೆ, ಕುರಿ ಮಾರಾಟದ ಜಾಹೀರಾತಿನ ಪಕ್ಕದಲ್ಲಿತ್ತು. ದೊಡ್ಡ ದೊಡ್ಡ ಪೆನ್ಸಿಲ್ ಅಕ್ಷರ. ಐದು ಸಾಲೂ ಸರಿಯಾಗಿದ್ದವು.

ಪೂಜೆಯ ನಡುವೆ ಪಾದ್ರಿ ಸ್ಲ್ಯಾಟರಿ ಉಪದೇಶಕ್ಕೆ ನಿಂತು, ನಿಲುವಂಗಿಯ ತೋಳಿನೊಳಗಿಂದ ಆ ಕಾಗದ ತೆಗೆದರು. ಇವತ್ತಿನ ವಿಷಯವನ್ನು ನೀವೇ ಒದಗಿಸಿದ್ದೀರಿ ಎಂದು, ಏರಿಳಿತವಿಲ್ಲದ ದನಿಯಲ್ಲಿ ಐದು ಸಾಲನ್ನೂ ಓದಿದರು. ಹಿಂದುಗಡೆ ನಿಂತಿದ್ದ ಗಂಡಸರ ಸಾಲಿನಲ್ಲಿ ಯಾರೋ ನಗಲು ಹೋಗಿ ಕೆಮ್ಮಿದರು. ಆಮೇಲೆ ಯಾರೂ ಕೆಮ್ಮಲೂ ಇಲ್ಲ.

"ಈ ಊರಲ್ಲಿ ಚಿಮ್ಮಟ, ತಿದಿ ಎರಡನ್ನೂ ಹುಡುಕಿ ತಂದು ಪದ್ಯಕ್ಕೆ ತುರುಕೋ ಚಟ ಇರೋರು ನಾಲ್ಕೇ ಜನ," ಎಂದರು. "ನಾಲ್ವರೂ ನನಗೆ ಗೊತ್ತು. ಶುಕ್ರವಾರ ನಾಲ್ಕು ಗಂಟೆಗೆ ಶಾಲೆಗೆ ಬರಲಿ. ನಾನು ಹನ್ನೊಂದು ವರ್ಷ ಪಾದ್ರಿಗಳನ್ನ ತಯಾರುಮಾಡೋ ಗುರುಮಠದಲ್ಲಿ ಲ್ಯಾಟಿನ್ ಛಂದಸ್ಸು ಕಲಿಸಿದವನು. ಎರಡು ಶಬ್ದ ನಾನು ಕೊಡ್ತೀನಿ. ಬರೆದ ಕೈ ಯಾವುದು ಅಂತ ನನಗೆ ತಿಳಿಯುತ್ತೆ."

ನನ್ನ ಎರಡು ಸಾಲು ಮುಂದೆ ಡಿಂಪ್ನಾಳ ಬೆನ್ನು ಕಾಣುತ್ತಿತ್ತು. ಅದು ಅಲ್ಲಾಡಲಿಲ್ಲ. ಶಾಲೆಗೆ ಮೇಲಧಿಕಾರಿ ಎಂದರೆ ಪಾದ್ರಿಯೇ. ಆಕೆಯನ್ನು ನೇಮಿಸಿದವರು ಅವರು. ತೆಗೆಯುವುದಕ್ಕೆ ಅವರಿಗೆ ಒಂದು ಕಾಗದ ಸಾಕು.

ಆ ಮಧ್ಯಾಹ್ನ ಅಂಗಡಿಯ ಹಿಂಕೋಣೆಯಲ್ಲಿ ಯಾರೂ ಕೋಟು ಬಿಚ್ಚಲಿಲ್ಲ. ಮ್ಯಾಲಕಿ ಒಬ್ಬೊಬ್ಬರನ್ನೇ ನೋಡಿ ಕೇಳಿದ, ಯಾರು ಬಾಯಿ ಬಿಟ್ಟದ್ದು ಎಂದು. ಬ್ರೀಡಾ ತಾನಲ್ಲ ಎಂದಳು. ಡಿಂಪ್ನಾ ತಾನಲ್ಲ ಎಂದಳು. ನಾನಲ್ಲ ಎಂದು ನಾನೂ ಅಂದೆ. ಮಾತು ಎಷ್ಟು ಸಲೀಸಾಗಿ ಬಂತೆಂದರೆ ಒಂದು ಗಳಿಗೆ ನನಗೇ ನಂಬಿಕೆಯಾಯಿತು. ಡಿಂಪ್ನಾ ಮಕ್ಕಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಾಳೇನೋ ಎಂದು ಕಾದೆ. ಆಕೆ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಈಗ ಆ ಭರವಸೆಯೂ ಇಲ್ಲ.

ಉಪಾಯ ಹೇಳಿದವಳು ಬ್ರೀಡಾ. "ನೋಡ್ರಪ್ಪ, ನನಗೆ ಸಂಬಳ ಕೊಡೋದು ಜಿಲ್ಲಾ ಕಚೇರಿ. ಪಾದ್ರಿ ನನ್ನ ಕೂದಲೂ ಕೊಂಕಿಸೋಕಾಗಲ್ಲ. ಶುಕ್ರವಾರ ನೀವು ಮೂವರೂ ಕೆಟ್ಟದಾಗಿ ಬರೀರಿ. ನಾನು ಚೆನ್ನಾಗಿ ಬರೀತೀನಿ. ನಾನೇ ಅಂತ ಆಗಿಹೋಗ್ಲಿ."

"ಬ್ರೀಡಾ," ಎಂದ ಮ್ಯಾಲಕಿ, "ನಿನ್ನ ಮನಸ್ಸು ಬಂಗಾರ. ಆದ್ರೆ ಒಂಬತ್ತು ವರ್ಷದಲ್ಲಿ ನಿನ್ನ ಒಂದು ಐದನೇ ಸಾಲಾದ್ರೂ ನೆಟ್ಟಗೆ ನಿಂತಿದ್ದು ನಾನು ಕಂಡಿಲ್ಲ ಮಾರಾಯ್ತಿ."

ಅದು ನಿಜವಾಗಿತ್ತು. ನಾಲ್ಕು ಸಾಲಿನವರೆಗೆ ಹೇಗೋ ಬರುತ್ತಿದ್ದಳು. ಐದನೆಯದರಲ್ಲಿ ಹೇಳಬೇಕಾದದ್ದೆಲ್ಲ ಒಟ್ಟಿಗೆ ನೆನಪಾಗಿ, ಸಾಲು ಗಾಡಿಯಿಂದ ಹುಲ್ಲು ಜಾರಿದ ಹಾಗೆ ಜಾರಿಬಿಡುತ್ತಿತ್ತು. ಡಿಂಪ್ನಾ ಈ ಉಪಾಯವನ್ನು ಒಪ್ಪಲೇ ಇಲ್ಲ, ತನ್ನ ಪದ್ಯಕ್ಕೆ ಇನ್ನೊಬ್ಬರ ಹೆಸರು ಬೇಡವೆಂದಳು. ಬ್ರೀಡಾ ಹಟ ಹಿಡಿದಳು. ನಿನ್ನ ಕೆಲಸ ಹೋದರೆ ಮಕ್ಕಳಿಗೆ ಯಾರನ್ನು ತಂದು ಕೂರಿಸುತ್ತಾರೋ ಯೋಚಿಸು ಎಂದು ಮ್ಯಾಲಕಿಯೂ ಒತ್ತಾಯಿಸಿದ ಮೇಲೆ ಆಕೆ ಹೂಂ ಎಂದಳು, ಮುಖ ಗೋಡೆಯ ಕಡೆಗಿಟ್ಟು.

ಸೋಮವಾರದಿಂದ ಗುರುವಾರದವರೆಗೆ ದಿನಾ ಸಂಜೆ ಎರಡು ಪಾಠ ನಡೆದವು. ಬ್ರೀಡಾ ಚೆನ್ನಾಗಿ ಬರೆಯುವುದನ್ನು ಕಲಿಯಬೇಕು. ಡಿಂಪ್ನಾ ಕೆಟ್ಟದಾಗಿ ಬರೆಯುವುದನ್ನು. ಎರಡೂ ಸಾಗಲಿಲ್ಲ. ಬ್ರೀಡಾ ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ನಾಲ್ಕು ಸಾಲು ದಾಟಿ ಐದನೆಯದಕ್ಕೆ ಬಂದು ಮುಗ್ಗರಿಸುತ್ತಿದ್ದಳು. ಡಿಂಪ್ನಾ ಬೇಕೆಂದೇ ಪ್ರಾಸ ತಪ್ಪಿಸಿದರೆ ಆ ತಪ್ಪಿಗೇ ಒಂದು ಸೊಗಸು ಬಂದುಬಿಡುತ್ತಿತ್ತು. ಮೊದಲ ಎರಡು ದಿನ ನಗುವಾದರೂ ಬರುತ್ತಿತ್ತು. ಬುಧವಾರದಿಂದ ಅದೂ ಇಲ್ಲ.

ಊರು ಅಷ್ಟರಲ್ಲಿ ತನ್ನ ತೀರ್ಮಾನಕ್ಕೆ ಬಂದಿತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿ ಡಿಂಪ್ನಾಳ ಜೊತೆ ಚಹಾ ಕುಡಿಯುವುದನ್ನು ನಿಲ್ಲಿಸಿದರು. ದಿನಸಿ ಅಂಗಡಿಗೆ ಆಕೆ ಹೋದರೆ ಮಾತು ನಿಲ್ಲುತ್ತಿತ್ತು. ಡೈರಿಯ ಮ್ಯಾನೇಜರು ನನ್ನನ್ನು ಕರೆದು, ಸಂಜೆ ಹೊತ್ತು ಕಳೆಯುವುದಕ್ಕೆ ಬೇರೆ ಜಾಗ ನೋಡಿಕೋ, ಫುಟ್‌ಬಾಲ್ ಆದರೂ ಆಡು ಎಂದರು. ಮಂಗಳವಾರ ಯೂನಾ ಅಳುತ್ತ ಬಂದು ಹೇಳಿದಳು: ಅವಳು ಅಣ್ಣನಿಗೆ ಹೇಳಿದ್ದಳಂತೆ, ಅಣ್ಣ ಬರೆದು ಅಂಟಿಸಿದ್ದನಂತೆ. ಹೋದ ಬೇಸಿಗೆಯಲ್ಲಿ ಪಾದ್ರಿ ಅವನನ್ನು ಬೇಲಿಯಿಂದ ಎಬ್ಬಿಸಿದ್ದರು. ತನ್ನ ಹೆಸರು ಹೊರಗೆ ಬಂದರೆ ಅಪ್ಪ ಬೆಲ್ಟು ತೆಗೆಯುತ್ತಾನೆ, ಬಾಯಿ ಬಿಡಬೇಡ ಎಂದು ಕೈ ಹಿಡಿದುಕೊಂಡಳು. ಮಾತು ಕೊಟ್ಟೆ. ಸುಮ್ಮನಿರುವುದಕ್ಕೆ ಒಂದು ಮರ್ಯಾದೆಯ ಕಾರಣ ಸಿಕ್ಕಿತೆಂದು ಒಳಗೊಳಗೇ ಹಗುರವಾಯಿತು.

ಶುಕ್ರವಾರ ನಾಲ್ಕಕ್ಕೆ ಮಕ್ಕಳು ಹೋದ ಕೋಣೆಯಲ್ಲಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಬೇರೆ ಬೇರೆ ಬೆಂಚಿನಲ್ಲಿ ಕೂರಿಸಿದರು. ಪುಟಾಣಿ ಬೆಂಚುಗಳು; ಮ್ಯಾಲಕಿಯ ಮಂಡಿ ಎದೆಗೆ ತಾಗುತ್ತಿತ್ತು. ಡಿಂಪ್ನಾ ಕೂತದ್ದು ಮುಂದಿನ ಸಾಲಿನಲ್ಲಿ, ದಿನವೂ ತಾನು ನಿಲ್ಲುವ ಜಾಗಕ್ಕೆ ಎದುರಾಗಿ. ಪಾದ್ರಿ ಛತ್ರಿಯನ್ನು ಭೂಪಟದ ಗೂಟಕ್ಕೆ ತಗುಲಿಹಾಕಿದರು. ಚರ್ಮದ ರಟ್ಟಿನ ತಮ್ಮ ನಿಘಂಟು ತೆರೆದು, ಮುಖ ಬೇರೆಡೆ ತಿರುಗಿಸಿ, ಪೆನ್ಸಿಲಿನಿಂದ ಎರಡು ಸಲ ಚುಚ್ಚಿದರು. ನಮ್ಮ ಆಟದ ಪದ್ಧತಿಯೆಲ್ಲ ಅವರಿಗೆ ತಿಳಿದಿದೆ ಎಂದು ಆಗ ಗೊತ್ತಾಯಿತು.

"ಗೋಸುಂಬೆ. ಕೊಡತಿ," ಎಂದರು. "ಅರ್ಧ ಗಂಟೆ."

ಒಂದು ಬಣ್ಣ ಬದಲಿಸುವ ಪ್ರಾಣಿ, ಇನ್ನೊಂದು ಮರದ ಸುತ್ತಿಗೆ. ಗೋಡೆಯ ಗಡಿಯಾರದ ಸದ್ದು, ಪಾದ್ರಿಯ ಉಸಿರಿನ ಸದ್ದು. ನಾನು ಎಷ್ಟು ಕೆಟ್ಟದಾಗಿ ಬರೆಯಬಹುದೋ ಅಷ್ಟು ಕೆಟ್ಟದಾಗಿ ಐದು ನಿಮಿಷದಲ್ಲಿ ಬರೆದು ಮುಗಿಸಿದೆ. ಅದಕ್ಕೆ ನನಗೆ ಹೆಚ್ಚು ಶ್ರಮ ಬೀಳಲಿಲ್ಲ. ಮ್ಯಾಲಕಿ ಶಾಯಿ ಚೆಲ್ಲಿಕೊಂಡು ಕಾಗದವನ್ನೇ ಕೆಡಿಸಿದ. ಬ್ರೀಡಾಳ ತುಟಿಗಳು ಎಣಿಸುತ್ತಿದ್ದವು, ಬೆರಳು ಬೆಂಚಿನ ಅಡಿಯಲ್ಲಿ ತಾಳ ಹಾಕುತ್ತಿತ್ತು, ಹಣೆಯ ಮೇಲೆ ಬೆವರು. ಒಂದು ಸಲ ಮುಖ ಅರಳಿತು, ಏನೋ ಬರೆದಳು. ಮರುಕ್ಷಣ ಹೊಡೆದುಹಾಕಿದಳು.

ಡಿಂಪ್ನಾ ಇಪ್ಪತ್ತು ನಿಮಿಷ ಲೇಖನಿಯನ್ನೇ ಎತ್ತಲಿಲ್ಲ. ಬರೆಯದೆ ಖಾಲಿ ಕೊಟ್ಟರೆ ತಪ್ಪೊಪ್ಪಿಕೊಂಡ ಹಾಗೆಯೇ ಎಂದು ನಾನು ಗಡಿಯಾರದ ಕಡೆ ನೋಡತೊಡಗಿದೆ. ಆಕೆ ತಿರುಗಿ ಬ್ರೀಡಾಳನ್ನು ನೋಡಿದಳು. ಗಲ್ಲದ ಮೇಲೆಲ್ಲ ಶಾಯಿ ಮೆತ್ತಿಕೊಂಡು, ನಲವತ್ತೆಂಟು ವರ್ಷದ ಹೆಂಗಸು, ತನ್ನದಲ್ಲದ ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳಲು ಒದ್ದಾಡುತ್ತಿದ್ದಳು. ಡಿಂಪ್ನಾ ಕಾಗದ ನೇರ ಮಾಡಿಕೊಂಡಳು. ಒಂದು ಸಲವೂ ನಿಲ್ಲಿಸದೆ ಬರೆದಳು.

ಪಾದ್ರಿ ಕಾಗದಗಳನ್ನು ಒಟ್ಟುಮಾಡಿದರು. ಮ್ಯಾಲಕಿಯದನ್ನೂ ನನ್ನದನ್ನೂ ನೋಡಿ ಬದಿಗಿಟ್ಟರು. ಬ್ರೀಡಾಳದನ್ನು ಗಟ್ಟಿಯಾಗಿ ಓದಿದರು:

ಗೋಸುಂಬೆಯೊಂದು ಹೋಯಿತು ಸಂತೆಗೆ,
ಕೊಡತಿಯ ಕೊಂಡಿತು ತನ್ನ ಚಿಂತೆಗೆ;
ಬಣ್ಣ ಹೋಯಿತು,
ಸುಣ್ಣ ಆಯಿತು,
ಆಮೇಲೆ ಅದು ಮನೆಗೆ ಬಂದು ಊಟ ಮಾಡಿ ಮಲಗಿತು.

"ನಾನೇ ಬರೆದದ್ದು ಫಾದರ್," ಎಂದಳು ಬ್ರೀಡಾ ಎದ್ದು ನಿಂತು. "ಚರ್ಚಿನ ಬಾಗಿಲಲ್ಲಿ ಇದ್ದದ್ದೂ ನಂದೇ."

"ಕೂತ್ಕೊಳ್ಳಿ ನರ್ಸಮ್ಮ," ಎಂದರು ಪಾದ್ರಿ. "ನೀವು ನಿರಪರಾಧಿ. ಈ ಐದನೇ ಸಾಲು ನೋಡಿದ ಮೇಲೆ ನ್ಯಾಯಾಲಯಾನೂ ಅದನ್ನೇ ಹೇಳುತ್ತೆ."

ಆಮೇಲೆ ಕೊನೆಯ ಕಾಗದ ತೆಗೆದರು. ಅದನ್ನು ಗಟ್ಟಿಯಾಗಿ ಓದಲಿಲ್ಲ. ಮೊದಲು ಒಮ್ಮೆ ಓದಿ, ಕಿಟಕಿಯ ಬಳಿ ಬೆಳಕಿಗೆ ಹೋಗಿ ಇನ್ನೊಮ್ಮೆ ಓದಿದರು. ಅದರಲ್ಲಿದ್ದದ್ದು ನಮಗೆ ಗೊತ್ತಾದದ್ದು ಆಮೇಲೆ:

ಬಣ್ಣ ಬದಲಿಸಲಿಕ್ಕೆ ಗೋಸುಂಬೆ ನಾನಲ್ಲ,
ಬರೆದವಳು ನಾನೇ, ಸುಳ್ಳಾಡಿ ಗೊತ್ತಿಲ್ಲ;
ಕೊಡತಿ ತಮ್ಮ ಕೈಲಿದೆ,
ತಲೆ ನನ್ನ ಮೈಲಿದೆ,
ಹೊಡೆದರೂ ಐದನೆಯ ಸಾಲು ಕುಂಟೋದಿಲ್ಲ.

"ಆ ತಿದಿಯ ಪದ್ಯಾನ ಹೊರಗೆ ಒಯ್ದವರು ಯಾರು?" ಎಂದು ಕೇಳಿದರು.

ಮ್ಯಾಲಕಿ ಕಷ್ಟಪಟ್ಟು ಬೆಂಚಿನಿಂದ ಎದ್ದ. ಪದ್ಯ ಹುಟ್ಟಿದ್ದು ತನ್ನ ಅಂಗಡಿಯಲ್ಲಿ, ಆದ್ದರಿಂದ ಹೊರಗೆ ಹೋಗಿದ್ದರೆ ಅದು ತನ್ನ ಮನೆಯ ಬಾಗಿಲಿಂದಲೇ ಹೋದದ್ದು, ಬೇರೆ ಹೆಸರು ಹುಡುಕುವುದು ಬೇಡ ಎಂದ. ನಾನು ಕೂತೇ ಇದ್ದೆ.

ಪಾದ್ರಿ ಡಿಂಪ್ನಾಳ ಮುಂದೆ ಬಂದು ನಿಂತರು. ಭಾನುವಾರ ಪೂಜೆಯಲ್ಲಿ ಎಲ್ಲರೆದುರು ಕ್ಷಮೆ ಕೇಳಬೇಕು, ಗುರುವಾರದ ಆಟ ಬಿಡಬೇಕು, ಇನ್ನು ಪದ್ಯ ಬರೆಯುವುದಿಲ್ಲವೆಂದು ಮಾತು ಕೊಡಬೇಕು. ಹಾಗಾದರೆ ಕೆಲಸ ಉಳಿಯುತ್ತದೆ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಹೆದರಿಸಿತು.

ಆಕೆ ಎದ್ದು ನಿಂತಳು. ಅವರಿಗಿಂತ ಎತ್ತರ. "ನಿಮಗೆ ನೋವಾಗಿದೆ ಫಾದರ್. ಅದಕ್ಕೆ ಕ್ಷಮೆ ಕೇಳ್ತೀನಿ. ಇಲ್ಲೇ ಕೇಳ್ತೀನಿ, ಚರ್ಚಲ್ಲೂ ಕೇಳ್ತೀನಿ. ಬರೆಯೋದನ್ನ ಬಿಡ್ತೀನಿ ಅಂತ ಹೇಳೋಕಾಗಲ್ಲ."

"ಒಂದು ತಮಾಷೆ ಪದ್ಯಕ್ಕೆ ಕೆಲಸ ಕಳ್ಕೊಳ್ತೀರಾ?"

"ಒಂದು ತಮಾಷೆ ಪದ್ಯಕ್ಕೆ ನೀವು ಕೆಲಸದಿಂದ ತೆಗೀತೀರಾ?"

ಪಾದ್ರಿ ಗೂಟದಿಂದ ಛತ್ರಿ ತೆಗೆದುಕೊಂಡರು. ಈಸ್ಟರ್ ರಜೆ ಶುರುವಾಗುವ ದಿನ ನಿಮ್ಮ ಕಡೆಯ ದಿನ ಎಂದು ಹೇಳಿ ಹೊರಟುಹೋದರು.

ಬ್ರೀಡಾ ಅತ್ತಳು. ಯಾಕೆ ಹೀಗೆ ಮಾಡಿದೆ, ನಾನು ಇಷ್ಟು ಒದ್ದಾಡಿದ್ದೆಲ್ಲ ದಂಡವಾಯಿತಲ್ಲ ಎಂದು ಬೈದಳು. ದಿನಾ ಯಾವ ಬೆಂಚಿನ ಮಕ್ಕಳಿಗೆ ಸುಳ್ಳು ಹೇಳಬೇಡಿ, ಇನ್ನೊಬ್ಬರದನ್ನು ನಿಮ್ಮದೆನ್ನಬೇಡಿ ಎನ್ನುತ್ತೇನೋ ಅದೇ ಬೆಂಚಿನಲ್ಲಿ ತಂದು ಕೂರಿಸಿದರು, ಸುಳ್ಳು ಬರೆಯಲು ಕೈ ಓಡಲಿಲ್ಲ ಎಂದಳು ಡಿಂಪ್ನಾ. ಅದಕ್ಕಿಂತ ದೊಡ್ಡ ಕಾರಣ ಕೊಡಲಿಲ್ಲ.

ಸೇತುವೆಯ ತನಕ ನಾನೂ ಆಕೆಯೂ ಒಂದೇ ದಾರಿ. ಸೈಕಲ್ಲು ತಳ್ಳಿಕೊಂಡು ನಡೆಯುತ್ತಿದ್ದೆವು. ಅಲ್ಲಿ ಹೇಳಿದೆ. ಯೂನಾಳ ಹೆಸರು ಹೇಳಲಿಲ್ಲ. ಹೊರಗೆ ಒಯ್ದವನು ನಾನು ಎಂದಷ್ಟೇ. ಆಕೆ ಸೈಕಲ್ಲು ತಳ್ಳುತ್ತಲೇ ಹೋದಳು. ಕೆಳಗೆ ಹೊಳೆ ಮಳೆನೀರು ತುಂಬಿ ಕಂದಾಗಿ ಓಡುತ್ತಿತ್ತು. ಸೇತುವೆ ಪೂರ್ತಿ ದಾಟಿದ ಮೇಲೆ ಕೇಳಿದಳು:

"ಹೇಳುವಾಗ ಐದೂ ಸಾಲು ಸರಿಯಾಗಿ ಹೇಳಿದ್ಯಾ?"

"ಹೇಳಿದೆ."

"ಅಷ್ಟಾದರೂ ಮಾಡಿದ್ಯಲ್ಲ," ಎಂದು ಸೈಕಲ್ಲು ಹತ್ತಿ ಹೋದಳು. ಆಮೇಲೆ ಊರು ಬಿಡುವ ತನಕ ನನ್ನೊಡನೆ ಮಾತಾಡಲಿಲ್ಲ.

ಭಾನುವಾರ ಪೂಜೆ ಮುಗಿದಾಗ ಆಕೆ ಮುಂದೆ ಹೋಗಿ, ಒಬ್ಬ ವಯಸ್ಸಾದವರನ್ನು ನೋಯಿಸಿದ್ದಕ್ಕೆ ಕ್ಷಮೆ ಕೇಳಿದಳು. ಅಷ್ಟನ್ನೇ ಕೇಳಿ ತನ್ನ ಜಾಗಕ್ಕೆ ಮರಳಿದಳು. ಆಕೆಯ ಪರವಾಗಿ ಊರಿನವರು ಒಬ್ಬರೂ ಬಾಯಿ ತೆರೆಯಲಿಲ್ಲ. ಆದರೆ ಈಸ್ಟರ್ ರಜೆಯ ತನಕ ದಿನಾ ಬೆಳಗಾಗುವ ಹೊತ್ತಿಗೆ ಆಕೆಯ ಗೇಟಿನ ಮೇಲೆ ಯಾರು ಯಾರೋ ಇಟ್ಟುಹೋದ ಮೊಟ್ಟೆ, ಬೆಣ್ಣೆ, ಬಟ್ಟೆಯಲ್ಲಿ ಸುತ್ತಿದ ಬಿಸಿ ರೊಟ್ಟಿ ಇರುತ್ತಿತ್ತು. ಪಾದ್ರಿ ಬೇಲಿ ಸುತ್ತುವುದನ್ನು ಬಿಡಲಿಲ್ಲ; ಹಟಕ್ಕೆಂಬಂತೆ ಇನ್ನೂ ಹೆಚ್ಚು ಸುತ್ತಿದರು. ಕತ್ತಲಲ್ಲಿ ಎಲ್ಲಿಂದಲೋ ತಿದಿ ಒತ್ತಿದ ಹಾಗೆ ಹುಡುಗರು ಬಾಯಲ್ಲಿ ಸದ್ದು ಮಾಡುತ್ತಿದ್ದರು. ಜೂನಿನ ಹೊತ್ತಿಗೆ ಸುತ್ತಾಟ ತಾನಾಗಿ ನಿಂತಿತು.

ಡಿಂಪ್ನಾಳಿಗೆ ಕ್ಲೇರ್ ಜಿಲ್ಲೆಯ ಕಡಲತಡಿಯ ಒಂದು ಕಸುಬಿನ ಶಾಲೆಯಲ್ಲಿ ಕೆಲಸ ಸಿಕ್ಕಿತು. ಅದು ಜಿಲ್ಲಾ ಸಮಿತಿಯ ಶಾಲೆ, ಪಾದ್ರಿಗಳ ಕೈಯಲ್ಲಿರಲಿಲ್ಲ. ಮರಗೆಲಸ ಕಲಿಯಲು ಬಂದ ದೊಡ್ಡ ಹುಡುಗರಿಗೆ ಭಾಷೆ ಕಲಿಸಬೇಕು. ಮೊದಲ ವಾರ ಅವರು ಆಕೆಯ ಕುರ್ಚಿಗೆ ಅಂಟು ಬಳಿದರಂತೆ. ಆಕೆ ಅಂಟು, ಕುರ್ಚಿ ಎರಡೂ ಶಬ್ದ ಕೊಟ್ಟು, ಐದು ಸಾಲು ಬರೆಯುವ ತನಕ ಯಾರೂ ಮನೆಗೆ ಹೋಗುವ ಹಾಗಿಲ್ಲ ಎಂದಳಂತೆ. ಇದನ್ನೆಲ್ಲ ಬ್ರೀಡಾಳಿಗೆ ಬರೆದ ಕಾಗದಗಳಲ್ಲಿ ಓದುತ್ತಿದ್ದೆ. ನನ್ನ ಹೆಸರು ಅವುಗಳಲ್ಲಿ ಎಲ್ಲೂ ಇರುತ್ತಿರಲಿಲ್ಲ.

ನಾಲ್ಕು ವರ್ಷದ ಮೇಲೆ ಮ್ಯಾಲಕಿ ತೀರಿಕೊಂಡ. ಸುದ್ದಿಯನ್ನು ಬಾಯಾರೆ ಹೇಳಬೇಕೆಂದು ಬ್ರೀಡಾ ನನ್ನನ್ನು ಕಳಿಸಿದಳು. ಬಸ್ಸಿಳಿದು ಕೇಳಿಕೊಂಡು ಹೋದರೆ, ದೋಣಿ ಕಟ್ಟುವ ಅಂಗಳದ ಪಕ್ಕದ ಮನೆ. ಬಾಗಿಲು ತೆರೆದವಳು ನನ್ನ ಮುಖ ನೋಡಿಯೇ "ಮ್ಯಾಲಕೀನಾ?" ಎಂದಳು. ಹೌದೆಂದೆ. ಒಳಗೆ ಕರೆದು ಚಹಾ ಇಟ್ಟಳು. ಕೊನೆಗೆ ಏನಾಯಿತು, ನೋವು ಪಟ್ಟನೇ, ಯಾರು ಜೊತೆಗಿದ್ದರು ಎಂದು ಒಂದೊಂದಾಗಿ ಕೇಳಿದಳು. ನಾನೂ ಬ್ರೀಡಾಳೂ ಇದ್ದೆವು ಎಂದೆ.

ಅವತ್ತು ಶಾಲೆಯ ಕೋಣೆಯಲ್ಲಿ ನಾನು ಏಳಬೇಕಾಗಿತ್ತು, ಕ್ಷಮಿಸು ಎಂದು ಕೇಳಿದೆ. ಆಕೆ ಲೋಟ ಕೆಳಗಿಟ್ಟಳು.

"ಏಳಬೇಕಾಗಿತ್ತು," ಎಂದಳು. "ಎದ್ದಿದ್ರೂ ನನ್ನ ಕೆಲಸ ಉಳೀತಿರಲಿಲ್ಲ. ಆದ್ರೆ ಆ ಮುದುಕ ಏಳೋದನ್ನ ನೋಡ್ಕೊಂಡು ನೀನು ಕೂತಿದ್ಯಲ್ಲ, ಅದು ನಂಗೆ ಗಂಟಲಲ್ಲಿ ಇಳೀಲಿಲ್ಲ. ಈಗಲೂ ಪೂರ್ತಿ ಇಳಿದಿಲ್ಲ, ಫಿಂಟನ್."

ಆಕೆ ಎದ್ದು ಇನ್ನೊಂದು ತುಂಡು ರೊಟ್ಟಿ ಕೊಯ್ದು ಬೆಣ್ಣೆ ಹಚ್ಚಿ ನನ್ನ ತಟ್ಟೆಗೆ ಹಾಕಿದಳು. ಐದೂವರೆಯ ಬಸ್ಸಿಗೆ ಬಿಡಲು ಜೊತೆಗೆ ಬಂದಳು. ದಾರಿಯಲ್ಲಿ ದೋಣಿ ಅಂಗಳದಲ್ಲಿದ್ದ ಆಕೆಯ ಶಾಲೆಯ ಹುಡುಗರು ಕೆಲಸ ನಿಲ್ಲಿಸಿ, ಇವರ್ಯಾರು ಮಿಸ್, ನಿಮ್ಮನ್ನ ನೋಡೋಕೆ ಬಂದ ವರನಾ ಎಂದು ಕೂಗಿದರು. ಗೆಳೆಯ, ಎಂದು ಆಕೆ ತಿರುಗಿ ಉತ್ತರ ಕೊಟ್ಟಳು, ನೀವು ಗರಗಸದ ಕಡೆ ಕಣ್ಣಿಟ್ಟು ಕೆಲಸ ಮಾಡಿ.